ಗುಳೆ ಹೊರಡುವ ಮೊದಲು ಬನ್ನಿ: ಯುವಜನರ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡುವವರಿಗೆ

ಸೆಮಿಸ್ಟರ್ ಮುಗಿಯುತ್ತ ಬಂತೆಂದರೆ ನಮ್ಮಂಥ ಸಂಸ್ಥೆಗಳಿಗೆ ಕಾಲೇಜು ಹುಡುಗ-ಹುಡುಗಿಯರ ಫೋನು ಶುರುವಾಗುತ್ತದೆ. ಹೆಚ್ಚಿನವರ ಮೊದಲ ಮಾತು, "ಸರ್ಟಿಫಿಕೇಟ್ ಕೊಡ್ತೀರಲ್ರಿ?" ಕೊಡುತ್ತೇವೆ, ಅನುಮಾನ ಬೇಡ. "ನನ್ನನ್ನ ಯಾವ ಊರಿಗೆ ಹಾಕ್ತೀರಿ, ಯಾರ ಕೂಡ ಹೋಗ್ಬೇಕ್ರಿ?" ಎಂದು ಕೇಳುವವರು ಅಪರೂಪ. ಅಂಥವರು ಸಿಕ್ಕರೆ ಮುಂದಿನ ಪ್ರಶ್ನೆ ಕೇಳದೆ ಸೇರಿಸಿಕೊಳ್ಳುತ್ತೇನೆ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಹದಿಹರೆಯದವರ ಮತ್ತು ಯುವಜನರ ನಡುವೆ ಕೆಲಸ ಮಾಡುವ ಸಂಸ್ಥೆಗಳಲ್ಲಿ ಇಂಟರ್ನ್‌ಶಿಪ್ ಅಥವಾ ಫೀಲ್ಡ್‌ವರ್ಕ್ ಮಾಡಬೇಕೆಂದಿರುವ ಬಿಎ, ಬಿಎಸ್‌ಡಬ್ಲ್ಯೂ, ಎಂಎಸ್‌ಡಬ್ಲ್ಯೂ, ಪತ್ರಿಕೋದ್ಯಮ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆದಿದ್ದೇನೆ. ನನ್ನ ಲೆಕ್ಕ ಇಷ್ಟೇ: ಒಂದು ಊರು, ಒಬ್ಬ ಕಾರ್ಯಕರ್ತರು, ಒಂದು ಕೆಲಸ. ಇಡೀ ಜಿಲ್ಲೆ ಸುತ್ತಿ ಬಂದವರಿಗಿಂತ ಒಂದೇ ಊರಲ್ಲಿ ಕೂತು ಬಂದವರ ವರದಿಯಲ್ಲಿ ಹುರುಳಿರುತ್ತದೆ.

ಯಾವ ತಿಂಗಳಲ್ಲಿ ಬರಬೇಕು

ಕಾಲೇಜಿನ ಕ್ಯಾಲೆಂಡರ್ ಒಂದು, ಊರಿನ ಕ್ಯಾಲೆಂಡರ್ ಇನ್ನೊಂದು. ನೀವು ಭೇಟಿಯಾಗಬೇಕಾದ ಹದಿನಾರು, ಹದಿನೆಂಟರ ಮಕ್ಕಳು ಯಾವ ತಿಂಗಳಲ್ಲಿ ಊರಲ್ಲಿರುತ್ತಾರೆ ಎಂಬುದನ್ನು ಬೆಳೆ ತೀರ್ಮಾನಿಸುತ್ತದೆ.

ಜುಲೈಯಿಂದ ದಸರೆವರೆಗೆ ಒಳ್ಳೆಯ ಕಾಲ. ಶಾಲೆ, ಕಾಲೇಜು ನಡೆಯುತ್ತಿರುತ್ತವೆ, ಮುಂಗಾರಿನ ಕೆಲಸಕ್ಕೆ ಮನೆಮಂದಿಯೆಲ್ಲ ಊರಲ್ಲೇ ಇರುತ್ತಾರೆ. ಅಕ್ಟೋಬರ್ ನಂತರ ಯಾದಗಿರಿ ಕಡೆ ಹತ್ತಿ ಬಿಡಿಸುವ ಕೆಲಸ ಶುರುವಾಗುತ್ತದೆ. ಎಂಟನೇ, ಒಂಬತ್ತನೇ ತರಗತಿಯ ಹುಡುಗಿಯರ ಹಾಜರಿ ಪುಸ್ತಕ ಆಗ ತೆಗೆದು ನೋಡಿ, ಸಾಲುಸಾಲು ಖಾಲಿ. ದೀಪಾವಳಿ ಮುಗಿಯುತ್ತಿದ್ದಂತೆ ತಾಂಡಾಗಳಿಂದ ಗುಳೆ. ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕೆಲವರು ಮುಂಬೈ, ಪುಣೆ, ಹೈದರಾಬಾದಿಗೆ, ಕೆಲವರು ಕಬ್ಬು ಕಡಿಯಲು. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಆಗ ಹಗಲು ಮನೆಮನೆ ಭೇಟಿಗೆ ಹೋದರೆ ಅಜ್ಜ-ಅಜ್ಜಿ, ಸಣ್ಣ ಮಕ್ಕಳು ಮಾತ್ರ ಸಿಗುತ್ತಾರೆ. ಗುಳೆಯ ಬಗ್ಗೆಯೇ ಅಧ್ಯಯನ ಮಾಡುವವರಿಗೆ ಅದೇ ಸರಿಯಾದ ಸಮಯ, ಉಳಿದವರಿಗೆ ಅಲ್ಲ.

ಏಪ್ರಿಲ್-ಮೇ ತಿಂಗಳ ಬಿಸಿಲು ನಿಮಗೆ ಗೊತ್ತಿದ್ದದ್ದೇ. ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಹತ್ತೂವರೆಗೆ ಬಸ್ ಹತ್ತಿ ಸಾಹೇಬರನ್ನು ಕಾಣಲು ಹೋದರೆ ಕುರ್ಚಿ ಖಾಲಿಯಾಗುವ ಹೊತ್ತಿಗೆ ತಲುಪುತ್ತೀರಿ. ಆದರೂ ಬೇಸಿಗೆಯಲ್ಲಿ ಒಂದು ಕೆಲಸಕ್ಕೆ ಇಂಟರ್ನ್‌ಗಳು ಬೇಕೇ ಬೇಕು, ಅದನ್ನು ಮುಂದೆ ಹೇಳುತ್ತೇನೆ.

ಸಂಸ್ಥೆ ಹುಡುಕುವುದು

ದೊಡ್ಡ ಹೆಸರುಗಳಿಂದ ಶುರು ಮಾಡಬಹುದು. ಶಿಕ್ಷಣದ ಕ್ಷೇತ್ರದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಯಾದಗಿರಿ, ಕಲಬುರಗಿಯಲ್ಲಿ ವರ್ಷಗಳಿಂದ ಇದೆ. ಟಾಟಾ ಟ್ರಸ್ಟ್ಸ್ ಬೆಂಬಲದ 'ಕಲಿಕೆ' ಯಾದಗಿರಿಯಲ್ಲಿದೆ. ಬೀದರ್ ಜಿಲ್ಲೆಯ ಹುಮನಾಬಾದಿನಲ್ಲಿ 'ಆರ್ಬಿಟ್' ಎಂಬ ಸ್ವಯಂಸೇವಾ ಸಂಸ್ಥೆ ಇದೆ. ಸರ್ಕಾರದ ಕಡೆಯಿಂದ, ಯುವಜನರಿಗಾಗಿ 2023ರ ಅಕ್ಟೋಬರ್ 31ರಂದು ಶುರುವಾದ 'ಮೈ ಭಾರತ್' ಪೋರ್ಟಲ್, ಮೊದಲು ನೆಹರು ಯುವ ಕೇಂದ್ರ ಎನ್ನುತ್ತಿದ್ದ, ಈಗ ಅದೇ 'ಮೈ ಭಾರತ್' ಹೆಸರಿನ ಜಿಲ್ಲಾ ಕಚೇರಿ ಇವೆ. ಇವೆಲ್ಲ ಕೇಳಿದವರಿಗೆಲ್ಲ ಜಾಗ ಕೊಡುತ್ತವೆ ಎಂದು ತಿಳಿಯಬೇಡಿ, ವಿಚಾರಿಸಬೇಕು. ನನ್ನ ಮಾತು ಕೇಳುವುದಾದರೆ, ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳನ್ನೂ ನೋಡಿ. ದೊಡ್ಡ ಕಡೆ ವ್ಯವಸ್ಥೆ ಕಲಿಯುತ್ತೀರಿ. ಸಣ್ಣ ಕಡೆ ಎಲ್ಲ ಕೆಲಸಕ್ಕೂ ಕೈ ಹಚ್ಚಬೇಕಾಗುತ್ತದೆ, ಸಭೆಗೆ ಜಮಖಾನೆ ಹಾಸುವುದರಿಂದ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ ಬರೆಯುವವರೆಗೆ.

ಹೆಸರು ಸಿಕ್ಕ ಮೇಲೆ ತಾಳೆ ನೋಡಿ. ನೀತಿ ಆಯೋಗದ 'ಎನ್‌ಜಿಒ ದರ್ಪಣ' ಪೋರ್ಟಲ್‌ನಲ್ಲಿ ಆ ಸಂಸ್ಥೆ ಇದೆಯೇ? ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಅಥವಾ ಟ್ರಸ್ಟ್ ಆಗಿ ನೋಂದಣಿ ಆಗಿದೆಯೇ? ಹೋದ ವರ್ಷದ ವಾರ್ಷಿಕ ವರದಿ ತೋರಿಸುತ್ತಾರೆಯೇ? ಕಾಗದಕ್ಕಿಂತ ಗಟ್ಟಿ ಪರೀಕ್ಷೆ ಇನ್ನೊಂದಿದೆ. ಅವರು ಕೆಲಸ ಮಾಡುತ್ತೇವೆ ಎನ್ನುವ ಊರಿನ ಅಂಗನವಾಡಿ ಅಕ್ಕನವರನ್ನೋ ಹೈಸ್ಕೂಲ್ ಮಾಸ್ತರರನ್ನೋ ಕೇಳಿ. "ಹೌದ್ರಿ, ವಾರಕ್ಕೊಮ್ಮಿ ಬರ್ತಾರ" ಎಂದರೆ ಸಾಕು. "ಬೋರ್ಡ್ ಹಾಕಿ ಫೋಟೊ ಹೊಡ್ಕೊಂಡು ಹೋದ್ರು" ಎಂದರೆ ಅದೂ ಸಾಕು.

ಇಂಟರ್ನ್‌ಶಿಪ್ ಕೊಡಲು ನಿಮ್ಮಿಂದಲೇ ಫೀಸು ಕೇಳುವವರ ಹತ್ತಿರ ಹೋಗಬೇಡಿ. ಒಂದು ದಿನವೂ ಬರದೆ ಮೂವತ್ತು ದಿನದ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ವೈವಾದಲ್ಲಿ ಒಂದೇ ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ.

ಕೇಳುವ ರೀತಿ

ಮೊದಲು ಫೋನ್, ಆಮೇಲೆ ಪತ್ರ, ಆದರೆ ಒಮ್ಮೆ ಖುದ್ದು ಭೇಟಿ. ಈ ಭಾಗದಲ್ಲಿ ಮುಖ ನೋಡಿ ಮಾತಾಡಿದ್ದಕ್ಕೇ ಬೆಲೆ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ವಿಭಾಗದ ಮುಖ್ಯಸ್ಥರ ಸಹಿ ಇರುವ ಅನುಮತಿ ಪತ್ರ ತನ್ನಿ. ಅದರಲ್ಲಿ ದಿನಾಂಕ, ಎಷ್ಟು ಗಂಟೆ ಅಥವಾ ಎಷ್ಟು ದಿನ ಬೇಕು, ಮಾರ್ಗದರ್ಶಕ ಪ್ರಾಧ್ಯಾಪಕರ ಫೋನ್ ನಂಬರ್ ಇರಲಿ. ನಿಮ್ಮದೇ ಕೈಬರಹದ ಒಂದು ಪುಟ ಜೊತೆಗಿರಲಿ. "ಸಮಾಜ ಸೇವೆ ಮಾಡಬೇಕೆಂಬ ಹಂಬಲ ಬಾಲ್ಯದಿಂದಲೂ ಇದೆ" ಎಂಬ ಸಾಲು ಎಲ್ಲರ ಅರ್ಜಿಯಲ್ಲೂ ಇರುತ್ತದೆ, ಬಿಟ್ಟುಬಿಡಿ. ಬದಲಿಗೆ ಇಂಥದ್ದು ಬರೆಯಿರಿ: "ನನ್ನದು ಚಿಂಚೋಳಿ ತಾಲ್ಲೂಕು. ಮನೆಯಲ್ಲಿ ಲಂಬಾಣಿ ಮಾತಾಡುತ್ತೇವೆ. ಕನ್ನಡ ಟೈಪಿಂಗ್ ಬರುತ್ತದೆ, ಎಕ್ಸೆಲ್ ಸ್ವಲ್ಪ ಬರುತ್ತದೆ. ಸಂಜೆ ಏಳರವರೆಗೆ ಇರಬಲ್ಲೆ." ನಾಲ್ಕೇ ವಾಕ್ಯ, ಆದರೆ ಸಂಯೋಜಕರಿಗೆ ನಿಮ್ಮನ್ನು ಎಲ್ಲಿಗೆ ಹಾಕಬೇಕು ಎಂಬುದು ತಕ್ಷಣ ಗೊತ್ತಾಗುತ್ತದೆ.

ನಿಮಗೆ ಬರುವ ಮಾತುಗಳನ್ನು ಬಚ್ಚಿಡಬೇಡಿ. ಔರಾದ, ಭಾಲ್ಕಿ ಕಡೆ ಮರಾಠಿ, ಸೇಡಂ, ಗುರುಮಠಕಲ್ ಕಡೆ ತೆಲುಗು, ಪೇಟೆಯ ಓಣಿಗಳಲ್ಲಿ ದಖ್ಖನಿ ಉರ್ದು, ತಾಂಡಾದಲ್ಲಿ ಲಂಬಾಣಿ. ಇಂಗ್ಲಿಷ್ ಚೆನ್ನಾಗಿ ಬರುವ ಇಂಟರ್ನ್‌ಗಿಂತ ಇವುಗಳಲ್ಲಿ ಎರಡು ಬರುವವರು ಸಂಸ್ಥೆಗೆ ಬಂಗಾರ.

ಸೇರುವ ಮೊದಲೇ ಮಾತಾಡಿಕೊಳ್ಳಿ

ದುಡ್ಡಿನ ಮಾತಿಗೆ ಸಂಕೋಚ ಬೇಡ. ಸಣ್ಣ ಸಂಸ್ಥೆಗಳು ಸ್ಟೈಪೆಂಡ್ ಕೊಡುವುದು ಕಡಿಮೆ, ಆದರೆ ಫೀಲ್ಡಿಗೆ ಹೋಗಿಬರುವ ಖರ್ಚನ್ನು ಕೇಳುವುದು ನಿಮ್ಮ ಹಕ್ಕು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ಸು ಉಚಿತವಾಗಿದೆ. ಆದರೆ ಬಸ್ಸು ಮುಖ್ಯ ರಸ್ತೆಗೆ ಬಿಟ್ಟು ಹೋದರೆ ಅಲ್ಲಿಂದ ಒಳಗಿನ ಊರಿಗೆ ಟಂಟಂ ಆಟೊ ಹತ್ತಲೇಬೇಕು, ಆ ದುಡ್ಡು ದಿನಾ ಕೈಯಿಂದ ಹೋಗುತ್ತದೆ. ಹುಡುಗರಿಗೆ ಎರಡೂ ಖರ್ಚು. ವಿದ್ಯಾರ್ಥಿ ಪಾಸ್ ಕಾಲೇಜಿನ ಮಾರ್ಗಕ್ಕೆ ಮಾತ್ರ ನಡೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆ ಊರಿನ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಮೊದಲ ದಿನವೇ ಕೇಳಿ ಬರೆದುಕೊಳ್ಳಿ. ಯುವಕರು ಹೊಲ, ಕೂಲಿ ಮುಗಿಸಿ ಕಟ್ಟೆಗೆ ಬರುವುದು ಸಂಜೆಯ ಮೇಲೆ. ನಿಮ್ಮ ಬಸ್ಸು ಐದಕ್ಕೇ ಹೊರಟರೆ ನೀವು ಅವರನ್ನು ಕಾಣುವುದೇ ಇಲ್ಲ. ರಾತ್ರಿ ಊರಲ್ಲೇ ತಂಗುವ ವಸ್ತಿ ಬಸ್ಸು ಇರುವ ಊರಾದರೆ ವಾರಕ್ಕೊಂದು ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಅದರಲ್ಲೇ ಬರಬಹುದು. ಉಳಿಯುವುದಿದ್ದರೆ ಸಂಸ್ಥೆಗೆ ಪರಿಚಯವಿರುವ ಮನೆಯಲ್ಲೇ ಉಳಿಯಿರಿ. ಹುಡುಗಿಯರ ಮನೆಯವರೊಡನೆ ಸಂಯೋಜಕರು ಒಮ್ಮೆ ಫೋನಿನಲ್ಲಿ ಮಾತಾಡಿದರೆ ಅರ್ಧ ತಲೆನೋವು ಕಡಿಮೆ.

ಇನ್ನೊಂದು ಮಾತನ್ನು ಕೇಳಲು ಬಹಳ ಜನ ಹಿಂಜರಿಯುತ್ತಾರೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರ ರಕ್ಷಣೆ ತರಬೇತಿಗೆ ಬಂದವರಿಗೂ, ಸ್ವಯಂಸೇವಕಿಯರಿಗೂ ಇದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. "ನಿಮ್ಮಲ್ಲಿ ಸಮಿತಿಯಲ್ಲಿ ಯಾರಿದ್ದಾರ್ರಿ?" ಎಂದು ಕೇಳಿದಾಗ ಎದುರಿಗಿನವರು ಹೇಗೆ ಉತ್ತರಿಸುತ್ತಾರೆ ಎಂಬುದರಿಂದಲೇ ಸಂಸ್ಥೆಯ ಒಳಗಿನ ಹವೆ ತಿಳಿಯುತ್ತದೆ.

ಮೊದಲ ವಾರ: ಬಾಯಿ ಕಡಿಮೆ, ಕಾಲು ಹೆಚ್ಚು

ಮೊದಲ ವಾರ ನಿಮಗೆ ಸ್ವಂತ ಕೆಲಸ ಕೊಡಿ ಎಂದು ಕೇಳಬೇಡಿ. ಕಾರ್ಯಕರ್ತರ ಹಿಂದೆ ನಡೆಯಿರಿ. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ), ಹೈಸ್ಕೂಲಿನ ಮುಖ್ಯ ಗುರುಗಳು, ಆಶಾ ಕಾರ್ಯಕರ್ತೆ, ಅಂಗನವಾಡಿ ಅಕ್ಕ, ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದ ಮೇಲ್ವಿಚಾರಕರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು, ಇಷ್ಟು ಜನರಿಗೆ ನಿಮ್ಮ ಮುಖ ಗೊತ್ತಾಗಲಿ. ಚಹಾ ಕೊಟ್ಟರೆ ಬೇಡ ಅನ್ನಬೇಡಿ, ಅರ್ಧ ಕಪ್ಪಾದರೂ ಕುಡಿಯಿರಿ. ಊರಿನ ನಕ್ಷೆಯೊಂದನ್ನು ನೀವೇ ಬಿಡಿಸಿ: ಯಾವ ಓಣಿ ಎಲ್ಲಿ, ನೀರಿನ ಟ್ಯಾಂಕ್ ಎಲ್ಲಿ, ಶಾಲೆಗೆ ಎಷ್ಟು ದೂರ, ಹುಡುಗರು ಎಲ್ಲಿ ಕೂರುತ್ತಾರೆ, ಹುಡುಗಿಯರಿಗೆ ಕೂರಲು ಜಾಗ ಇದೆಯೇ ಇಲ್ಲವೇ. ಕೊನೆಯದಕ್ಕೆ ಹೆಚ್ಚಿನ ಊರುಗಳಲ್ಲಿ ಉತ್ತರ ಸಿಗುವುದಿಲ್ಲ, ಅದನ್ನೂ ಬರೆಯಿರಿ.

ಮನೆಗೆ ಹೋದಾಗ

ಇಂಟರ್ನ್‌ಶಿಪ್‌ನ ತಿರುಳು ಇಲ್ಲಿದೆ. ಕಾಲೇಜಿನಿಂದ ಪ್ರಶ್ನಾವಳಿ ಹಿಡಿದು ಬಂದವರು ಹೊಸ್ತಿಲಲ್ಲಿ ನಿಂತೇ ಶುರು ಮಾಡುತ್ತಾರೆ.

ಸುರಪುರ ಕಡೆಯ ಒಂದು ಊರಿನಲ್ಲಿ ಶ್ರಾವಣದ ಮಧ್ಯಾಹ್ನ ಹೀಗೇ ಆಯಿತು. ಕಲಬುರಗಿಯಿಂದ ಬಂದಿದ್ದ ಎಂಎಸ್‌ಡಬ್ಲ್ಯೂ ಹುಡುಗಿ ಫಾರ್ಮ್ ತೆರೆದು, "ಎಷ್ಟನೇ ಕ್ಲಾಸಿಗೆ ಬಿಟ್ಟಿ? ಬಿಡಲು ಕಾರಣ ಏನು?" ಎಂದು ಕೇಳಿದಳು. ಎದುರಿಗಿದ್ದ ಬಾಲಕಿ ಕಾಲಿನ ಹೆಬ್ಬೆರಳು ನೋಡುತ್ತ ನಿಂತಳು. ಒಳಗಿಂದ ತಾಯಿಯ ಧ್ವನಿ: "ಹೋದ ಸಲ ಬಂದೋರೂ ಬರ್ಕೊಂಡು ಹೋದ್ರು. ನೀವೂ ಬರ್ಕೋರಿ." ಇಂಟರ್ನ್ 'ಪೋಷಕರಲ್ಲಿ ಅರಿವಿನ ಕೊರತೆ' ಎಂಬ ಚೌಕಕ್ಕೆ ಟಿಕ್ ಹಾಕಲು ಪೆನ್ನು ಎತ್ತಿದ್ದಳು.

ಜೊತೆಗಿದ್ದ ನಮ್ಮ ಕಾರ್ಯಕರ್ತೆ ಆ ಊರಿನ ಕಡೆಯವರೇ. ಚಪ್ಪಲಿ ಬಿಟ್ಟು ಒಳಗೆ ಹೋಗಿ ತಾಯಿಯ ಮುಂದಿದ್ದ ಮೊರ ಎಳೆದುಕೊಂಡು ಹೆಸರುಕಾಯಿ ಬಿಡಿಸುತ್ತ ಕೂತರು. "ಮಳಿ ಹ್ಯಾಂಗ ಆಗ್ಯಾದ ಯಕ್ಕಾ ಈ ಕಡಿ?" ಮಳೆಯಿಂದ ಹತ್ತಿಗೆ, ಹತ್ತಿಯಿಂದ ಬೆಂಗಳೂರಿಗೆ ಹೋದ ಹಿರಿಮಗನಿಗೆ ಮಾತು ಹೋಯಿತು. ಅಣ್ಣ ಇದ್ದಾಗ ಸೈಕಲ್ ಮೇಲೆ ತಂಗಿಯನ್ನು ಹೈಸ್ಕೂಲಿಗೆ ಬಿಡುತ್ತಿದ್ದ. ಈಗ ಬೆಳಗಿನ ಬಸ್ಸು ಊರಿಗೆ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ ನಡೆದಿರುತ್ತದೆ. ತಡವಾಗಿ ಹೋದರೆ ಹೊರಗೆ ನಿಲ್ಲಿಸುತ್ತಾರೆ, ನಿಲ್ಲಲು ನಾಚಿಕೆ. "ಸಾಲಿ ಬ್ಯಾಡ ಅಂತ ನಾವೆಲ್ಲಿ ಅಂದೀವಿ?" ಎಂದರು ತಾಯಿ.

ಆ ಇಂಟರ್ನ್‌ನ ಉಳಿದ ದಿನಗಳ ಕೆಲಸ ಅಲ್ಲೇ ನಿರ್ಧಾರವಾಯಿತು. ಅದೇ ಬಸ್ಸನ್ನು ನೆಚ್ಚಿಕೊಂಡ ಹುಡುಗಿಯರ ಪಟ್ಟಿ ಮಾಡಿದಳು, ಮುಖ್ಯ ಗುರುಗಳ ಪತ್ರ ಮತ್ತು ಪಂಚಾಯಿತಿಯ ಪತ್ರ ಸೇರಿಸಿ ಡಿಪೊ ವ್ಯವಸ್ಥಾಪಕರಿಗೆ ಮನವಿ ಕೊಟ್ಟಳು. ಹೊಸ ಬಸ್ಸೇನೂ ಬರಲಿಲ್ಲ, ಇದ್ದ ಬಸ್ಸೇ ಬೆಳಿಗ್ಗೆ ಬೇಗ ಬರತೊಡಗಿತು.

ನೀವು ಹೋದಾಗ ಮಾಡಬೇಕಾದ್ದನ್ನು ಇದರಿಂದ ತಿಳಿಯಬಹುದು. ಕೂತುಕೊಳ್ಳಿ. ಫಾರ್ಮ್ ಚೀಲದಲ್ಲಿರಲಿ, ಮನೆಗೆ ಬಂದ ಮೇಲೆ ತುಂಬಿ. ವಯಸ್ಸಾದವರಿಗೆ ಯವ್ವಾ, ಕಾಕಾ, ಓರಗೆಯವರಿಗೆ ಯಕ್ಕಾ, ಅಣ್ಣಾ ಎನ್ನಿ. ಕಿರಿಯರಿಗೂ 'ತಂಗಿ', 'ತಮ್ಮ' ಎಂದು ಶುರು ಮಾಡಿ. ಪೇಟೆಯ ಪುಸ್ತಕದ ಕನ್ನಡ ಅಲ್ಲಿ ಬೇಡ. ಜಾತಿ, ಆದಾಯ, ಮದುವೆ ವಯಸ್ಸು ಇವನ್ನು ಮೊದಲ ಭೇಟಿಯಲ್ಲಿ ಕೇಳಲೇಬೇಡಿ. ಮತ್ತು 'ಯಾಕೆ ಬಿಟ್ಟಿ' ಎಂದು ಕೇಳುವುದಕ್ಕಿಂತ 'ಸಾಲಿಗೆ ಹೋಗೋ ದಿನ ಮುಂಜಾನೆ ಏನೇನ್ ಮಾಡ್ತಿದ್ದಿ' ಎಂದು ಕೇಳಿ ನೋಡಿ. ಕಾರಣ ತಾನಾಗಿ ಹೊರಬೀಳುತ್ತದೆ.

ಮಾಡಬಾರದ್ದು

ಮಕ್ಕಳ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಸಂಸ್ಥೆಯ ಒಪ್ಪಿಗೆ, ತಂದೆ-ತಾಯಿಯ ಒಪ್ಪಿಗೆ, ಮಗುವಿನ ಒಪ್ಪಿಗೆ ಮೂರೂ ಇಲ್ಲದೆ ಕ್ಯಾಮೆರಾ ಎತ್ತಬೇಡಿ. ದೌರ್ಜನ್ಯಕ್ಕೊಳಗಾದ ಮಗುವಿನ ಹೆಸರು, ಊರು, ಶಾಲೆ, ಗುರುತು ಸಿಗುವ ಯಾವುದನ್ನೂ ಹೊರಗೆ ಹಾಕುವುದು ಬಾಲನ್ಯಾಯ ಕಾಯ್ದೆ 2015 ಮತ್ತು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ಪ್ರಕಾರ ಅಪರಾಧ. ನಿಮ್ಮ ವರದಿಯಲ್ಲೂ ಮಕ್ಕಳ ಹೆಸರು ಬದಲಿಸಿ.

ಮಗುವೊಂದು ತನಗಾದ ಕಿರುಕುಳದ ಬಗ್ಗೆ ಹೇಳಿದರೆ ನೀವು ವಿಚಾರಣೆ ಮಾಡಬೇಡಿ, "ಯಾರಿಗೂ ಹೇಳೋದಿಲ್ಲ" ಎಂದು ಮಾತೂ ಕೊಡಬೇಡಿ. ಪೋಕ್ಸೊ ಅಡಿ ವಿಷಯ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಅದೇ ದಿನ ನಿಮ್ಮ ಸಂಯೋಜಕರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098 ದಿನದ ಯಾವ ಹೊತ್ತಿಗಾದರೂ ನಡೆಯುತ್ತದೆ. ಅಕ್ಷಯ ತೃತೀಯದ ಆಸುಪಾಸು ಬಾಲ್ಯವಿವಾಹದ ಸುದ್ದಿ ಕಿವಿಗೆ ಬೀಳಬಹುದು. ಒಬ್ಬರೇ ಮದುವೆ ಮನೆಗೆ ನುಗ್ಗುವ ಸಾಹಸ ಬೇಡ. 1098ಕ್ಕೆ ಕರೆ ಮಾಡಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರಿಗೆ ತಿಳಿಸಿ. ನೀವು ನಾಳೆ ಊರು ಬಿಡುತ್ತೀರಿ, ಆ ಹುಡುಗಿಯೂ ನಮ್ಮ ಕಾರ್ಯಕರ್ತೆಯೂ ಅಲ್ಲೇ ಇರಬೇಕು ಎಂಬುದು ನೆನಪಿರಲಿ.

ಸೈಕಲ್ ಕೊಡಿಸುತ್ತೇನೆ, ಹಾಸ್ಟೆಲ್ ಸೀಟು ಮಾಡಿಸುತ್ತೇನೆ ಎಂಬ ಭರವಸೆಗಳು ಬಾಯಿಗೆ ಬರುತ್ತವೆ. ನುಂಗಿಕೊಳ್ಳಿ.

ಒಂದು ಕೆಲಸ ಹಿಡಿಯಿರಿ

ಎರಡನೇ ವಾರದ ಕೊನೆಗೆ ನಿಮ್ಮದೇ ಒಂದು ಸಣ್ಣ ಕೆಲಸ ಆರಿಸಿ. ಜಾಥಾ, ಬೀದಿನಾಟಕ, ಬ್ಯಾನರ್ ಹಿಡಿದ ಜಾಗೃತಿ ಕಾರ್ಯಕ್ರಮಗಳ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಫೋಟೊ ಚೆನ್ನಾಗಿ ಬರುತ್ತದೆ, ಮರುದಿನ ಊರು ಹಾಗೇ ಇರುತ್ತದೆ. ಬದಲಿಗೆ ಅರಿವು ಕೇಂದ್ರದಲ್ಲಿ ವಾರಕ್ಕೆರಡು ಸಂಜೆ ಹುಡುಗಿಯರಿಗಾಗಿ ಸಮಯ ಮೀಸಲಿಡಿಸುವುದು, ವಿದ್ಯಾರ್ಥಿವೇತನದ ಅರ್ಜಿ ಬಾಕಿ ಇರುವವರ ಆಧಾರ್-ಬ್ಯಾಂಕ್ ಜೋಡಣೆ ಮಾಡಿಸುವುದು, ನವೆಂಬರ್ ನಂತರ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗೆ ಮಕ್ಕಳನ್ನು ತಯಾರು ಮಾಡುವುದು, ಹೋದ ವರ್ಷದ ಸಭೆಯ ನಡಾವಳಿ ತೆಗೆಸಿ ಏನಾಯಿತು ಎಂದು ಕೇಳಿಸುವುದು, ಇಂಥವು ನಿಲ್ಲುತ್ತವೆ. ಕ್ರಿಕೆಟ್ ಆಡುವ ಹುಡುಗರನ್ನು ಒಟ್ಟುಗೂಡಿಸಲು ಬೇರೇನೂ ಬೇಕಿಲ್ಲ, ಅವರ ಆಟಕ್ಕೆ ಹೋಗಿ ನಿಂತರೆ ಸಾಕು.

ಬೇಸಿಗೆಯ ಕೆಲಸ ಎಂದೆನಲ್ಲ, ಅದು ಇದು. 2024ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಕೊನೆಯ ಸ್ಥಾನ ಯಾದಗಿರಿಗೆ, 2025ರಲ್ಲಿ ಕಲಬುರಗಿಗೆ. ಫೇಲಾದ ಮಕ್ಕಳಿಗೆ ಈಗ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ. ಫಲಿತಾಂಶ ಬಂದ ವಾರವೇ ಅವರನ್ನು ಹಿಡಿದು ಪರೀಕ್ಷೆಗೆ ಹೆಸರು ಕೊಡಿಸಿ, ಬೆಳಿಗ್ಗೆ ಏಳರಿಂದ ಹತ್ತರವರೆಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಹೇಳಿಕೊಡುವವರು ಬೇಕು. ವಾರ ತಡವಾದರೆ ಹುಡುಗ ಬೆಂಗಳೂರಿನ ಬಸ್ಸಿನಲ್ಲಿರುತ್ತಾನೆ, ಹುಡುಗಿಗೆ ಗಂಡು ನೋಡಲು ಶುರು ಮಾಡಿರುತ್ತಾರೆ. ಬಿಎಸ್ಸಿ ವಿದ್ಯಾರ್ಥಿಗಳೇ, ಎನ್‌ಜಿಒ ಎಂದರೆ ಸಮಾಜಕಾರ್ಯದವರದ್ದು ಎಂದು ದೂರ ನಿಲ್ಲಬೇಡಿ. ಇಲ್ಲಿ ನಿಮ್ಮದೇ ಕೆಲಸ.

ಆಫೀಸಿನ ಕೆಲಸವನ್ನೂ ಕೊಡುತ್ತಾರೆ, ಮಾಡಿ. ಹಾಜರಿ ಪಟ್ಟಿ ಟೈಪ್ ಮಾಡುವುದು, ವೋಚರ್ ಜೋಡಿಸುವುದು, ದಾನಿಗಳಿಗೆ ಹೋಗುವ ವರದಿಗೆ ಲೆಕ್ಕ ಹಾಕುವುದು. ಸಂಸ್ಥೆಗೆ ದುಡ್ಡು ಎಲ್ಲಿಂದ ಬರುತ್ತದೆ, ಯಾವ ಕಟ್ಟಳೆಯಲ್ಲಿ ಖರ್ಚಾಗುತ್ತದೆ ಎಂಬುದು ಅಲ್ಲೇ ಅರ್ಥವಾಗುವುದು. ಆದರೆ ವಾರದಲ್ಲಿ ನಾಲ್ಕು ದಿನ ಟೈಪಿಂಗೇ ಆದರೆ ಸಂಯೋಜಕರ ಬಳಿ ಹೋಗಿ ನೇರ ಹೇಳಿ: "ಸರ್, ನಾನು ಫೀಲ್ಡಿಗೆ ಹೋಗ್ಬೇಕ್ರಿ, ಕಾಲೇಜಿನವ್ರು ಅದನ್ನೇ ಕೇಳ್ತಾರ."

ಡೈರಿ ಮತ್ತು ವರದಿ

ಡೈರಿಯನ್ನು ಬಸ್ಸಿನಲ್ಲೇ ಬರೆಯಿರಿ. ಮನೆಗೆ ಹೋದ ಮೇಲೆ ಬರೆಯುತ್ತೇನೆ ಎಂದವರ ಡೈರಿಗಳು ಕೊನೆಯ ರಾತ್ರಿ ಒಂದೇ ಪೆನ್ನಿನಲ್ಲಿ ತುಂಬಿರುತ್ತವೆ, ಅದು ನೋಡಿದ ಕೂಡಲೇ ಗೊತ್ತಾಗುತ್ತದೆ. ಎಡಪುಟದಲ್ಲಿ ಕಂಡದ್ದು, ಕೇಳಿದ್ದು, ಅವರ ಮಾತಿನಲ್ಲೇ. ಬಲಪುಟದಲ್ಲಿ ನಿಮಗನಿಸಿದ್ದು. ಎರಡನ್ನೂ ಬೆರೆಸಬೇಡಿ. ವಾರಕ್ಕೊಮ್ಮೆ ಕಾರ್ಯಕರ್ತರ ಸಹಿ ಹಾಕಿಸಿ.

ಯಾದಗಿರಿಗೆ ಬಂದವರೆಲ್ಲರ ವರದಿಯ ಮೊದಲ ಪುಟದಲ್ಲಿ 2011ರ ಜನಗಣತಿಯ ಸಾಕ್ಷರತೆ ಇರುತ್ತದೆ: ಶೇ. 51.83, ರಾಜ್ಯದಲ್ಲೇ ಕಡಿಮೆ. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ, ಪ್ರಾದೇಶಿಕ ಅಸಮತೋಲನದ ಬಗೆಗಿನ ನಂಜುಂಡಪ್ಪ ವರದಿ, ಹಿಂದುಳಿದ ಪ್ರದೇಶ, ಹೀಗೆ ಹತ್ತು ಪುಟ. ನಿಮ್ಮ ಪ್ರಾಧ್ಯಾಪಕರು ಇದನ್ನೆಲ್ಲ ಓದಿ ಓದಿ ಬೇಸತ್ತಿದ್ದಾರೆ. ಹಿನ್ನೆಲೆಗೆ ಒಂದು ಪುಟ ಸಾಕು. ಉಳಿದದ್ದು ನೀವಿದ್ದ ಊರಿನದ್ದಾಗಲಿ: ಎಂಟನೇ ತರಗತಿಗೆ ಸೇರಿದ ಹುಡುಗಿಯರೆಷ್ಟು, ಹತ್ತಕ್ಕೆ ಉಳಿದವರೆಷ್ಟು, ಬಿಟ್ಟವರು ಈಗ ಎಲ್ಲಿದ್ದಾರೆ, ಅವರವರ ಮನೆಯಲ್ಲಿ ಹೇಳಿದ ಕಾರಣವೇನು. ಶಾಲೆಯ ದಾಖಲಾತಿ ಪುಸ್ತಕವನ್ನು ಮುಖ್ಯ ಗುರುಗಳ ಅನುಮತಿ ಪಡೆದು ನೋಡಿದರೆ ಇದನ್ನು ಎರಡು ದಿನದಲ್ಲಿ ತಯಾರಿಸಬಹುದು. ನೀವು ಆರಂಭಿಸಿದ್ದು ಅರ್ಧಕ್ಕೆ ನಿಂತಿದ್ದರೆ ಎಲ್ಲಿ, ಯಾಕೆ ನಿಂತಿತು ಎಂಬುದನ್ನೂ ಬರೆಯಿರಿ. ಮುಂದಿನ ಇಂಟರ್ನ್‌ಗೆ ಆ ಪುಟವೇ ಬೇಕಾಗುವುದು. ವರದಿಯ ಒಂದು ಪ್ರತಿ ಸಂಸ್ಥೆಗೆ ಕೊಡಿ, ಊರಿಗೆ ಸಂಬಂಧಿಸಿದ ನಾಲ್ಕು ಪುಟವನ್ನು ಪಂಚಾಯಿತಿಗೂ ಮುಟ್ಟಿಸಿ. ತಾಯಿ ಹೇಳಿದ "ಬರ್ಕೊಂಡು ಹೋದ್ರು" ಎಂಬ ಮಾತಿಗೆ ಬೇರೆ ಉತ್ತರ ನನಗೆ ಗೊತ್ತಿಲ್ಲ.

ಹೊರಡುವಾಗ

ಕೊನೆಯ ದಿನದ ತನಕ ಬಾಯಿ ಬಿಡದೆ ಇದ್ದು ಮಾಯವಾಗಬೇಡಿ. ಎರಡು ವಾರ ಮೊದಲೇ ಮಕ್ಕಳಿಗೆ "ಇಂಥಾ ತಾರೀಖಿಗೆ ನಂದು ಮುಗೀತದ" ಎಂದು ಹೇಳಿ. ನಿಮ್ಮ ಕೈಯಲ್ಲಿದ್ದ ಕೆಲಸ ಯಾರಿಗೆ ಹೋಗುತ್ತದೆ ಎಂದು ಕಾರ್ಯಕರ್ತರ ಮುಂದೆಯೇ ಪರಿಚಯಿಸಿ. ಮಕ್ಕಳಿಗೆ ನಿಮ್ಮ ಸ್ವಂತ ನಂಬರ್ ಕೊಡುವ ಬದಲು ಸಂಸ್ಥೆಯ ನಂಬರ್ ಕೊಡಿ.

ಸರ್ಟಿಫಿಕೇಟನ್ನು ಅಲ್ಲೇ ಓದಿ ತಗೊಳ್ಳಿ. ಹೆಸರಿನ ಸ್ಪೆಲ್ಲಿಂಗ್ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು. ನೋಂದಣಿ ಸಂಖ್ಯೆ, ಯಾವಾಗಿನಿಂದ ಯಾವಾಗಿನವರೆಗೆ, ಒಟ್ಟು ಗಂಟೆ, ಮಾಡಿದ ಕೆಲಸದ ಒಂದು ಸಾಲು, ಸಹಿ, ಮೊಹರು. ಅನುಮತಿ ಪತ್ರದ ದಿನಾಂಕಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಕಾಲೇಜಿನಲ್ಲಿ ಕ್ಲರ್ಕ್ ವಾಪಸ್ ಕಳಿಸುತ್ತಾರೆ, ಮತ್ತೆ ಸಹಿ ಮಾಡುವವರು ಅಷ್ಟೊತ್ತಿಗೆ ಫೀಲ್ಡಿನಲ್ಲಿರುತ್ತಾರೆ.